ಫರ್ಮ್‌ನೆಸ್ ಇಂಡೆಕ್ಸ್: ತಟ್ಟಿದ ಸದ್ದಲ್ಲೇ ಹಣ್ಣಿನ ಲೆಕ್ಕ

ಕಲ್ಲಂಗಡಿ ತಗೊಳ್ಳೋವಾಗ ಬೆರಳಲ್ಲಿ ತಟ್ಟಿ ಸದ್ದು ಕೇಳೋದು ಎಲ್ಲರೂ ಮಾಡೋದೇ. ಕಿವಿ ಬದಲು ಮೈಕ್ ಇಟ್ಟು, ಆ ಸದ್ದನ್ನ ಒಂದು ನಂಬರ್‌ಗೆ ಇಳಿಸಿದ್ರೆ ಅದೇ ಅಕೌಸ್ಟಿಕ್ ಫರ್ಮ್‌ನೆಸ್ ಇಂಡೆಕ್ಸ್, ಅಂದ್ರೆ ಹಣ್ಣನ್ನ ಕೊಯ್ಯದೆ ಚುಚ್ಚದೆ ಒಳಗಿನ ತಿರುಳು ಎಷ್ಟು ಗಟ್ಟಿ ಇದೆ ಅಂತ ಹೇಳೋ ಅಳತೆ.

ಹಣ್ಣಿನ ನಡುಭಾಗಕ್ಕೆ ಮೆಲ್ಲಗೆ ಒಂದೇಟು ಕೊಟ್ಟು ರೆಕಾರ್ಡ್ ಮಾಡ್ತಾರೆ. ಕೇಳೋಕೆ ಒಂದೇ "ಡಬ್" ಅನ್ನಿಸಿದ್ರೂ ಅದರಲ್ಲಿ ಬೇರೆ ಬೇರೆ ಕಂಪನಗಳು ಕಲಸಿಕೊಂಡಿರತ್ವೆ, ಫೂರಿಯೆ ಟ್ರಾನ್ಸ್‌ಫಾರ್ಮ್ ಅನ್ನೋ ಗಣಿತ ಅವನ್ನೆಲ್ಲ ಬಿಡಿಸಿ ಯಾವ ಫ್ರೀಕ್ವೆನ್ಸಿ (ಅಂದ್ರೆ ಸೆಕೆಂಡಿಗೆ ಎಷ್ಟು ಸಲ ಅದುರತ್ತೆ ಅನ್ನೋದು) ಎಷ್ಟು ಜೋರಾಗಿದೆ ಅಂತ ಗ್ರಾಫಲ್ಲಿ ತೋರ್ಸತ್ತೆ. ಇದನ್ನ ಬೇಗ ಮಾಡೋ ದಾರಿಯನ್ನ ಜೇಮ್ಸ್ ಕೂಲಿ ಮತ್ತು ಜಾನ್ ಟ್ಯೂಕಿ ಅನ್ನೋ ಗಣಿತಜ್ಞರು 1965ರಲ್ಲಿ ಪ್ರಕಟಿಸಿದ್ರು, ಈಗ ಫೋನಲ್ಲೂ ಕ್ಷಣದಲ್ಲಿ ಆಗತ್ತೆ. ಗ್ರಾಫಲ್ಲಿ ಹಣ್ಣು ಇಡಿಯಾಗಿ ಅದುರೋ ಫ್ರೀಕ್ವೆನ್ಸಿಯ ಪೀಕ್ ಹಿಡ್ಕೊಂಡು ಆ ಫ್ರೀಕ್ವೆನ್ಸಿಯ ಸ್ಕ್ವೇರ್‌ನ ತೂಕದ 2/3 ಪವರ್‌ನಿಂದ ಗುಣಿಸಿದ್ರೆ ಇಂಡೆಕ್ಸ್ ಸಿಕ್ತು.

ಈ 2/3 ಎಲ್ಲಿಂದ ಬಂತು ಅನ್ನೋದೇ ನನಗೆ ಬಹಳ ಇಷ್ಟವಾದ ಭಾಗ. ದಪ್ಪ ಹಣ್ಣು ಎಷ್ಟೇ ಗಟ್ಟಿ ಇದ್ರೂ ದಪ್ಪ ದನಿಯಲ್ಲೇ ಮಾತಾಡತ್ತೆ, ಯಾಕಂದ್ರೆ ಗುಂಡಗಿನ ವಸ್ತುವಿನ ಫ್ರೀಕ್ವೆನ್ಸಿ ಅದರ ರೇಡಿಯಸ್ ಹೆಚ್ಚಾದಷ್ಟೂ ಅದೇ ಪ್ರಮಾಣದಲ್ಲಿ ಇಳಿಯತ್ತೆ, ರೇಡಿಯಸ್ಸೋ ತೂಕದ ಘನಮೂಲದ ಲೆಕ್ಕದಲ್ಲಿ ಬೆಳೆಯತ್ತೆ, ಹಾಗಾಗಿ ಫ್ರೀಕ್ವೆನ್ಸಿ ಸ್ಕ್ವೇರ್ ಮಾಡಿದಾಗ ಗಾತ್ರದ ಪ್ರಭಾವ ಅಳಿಸೋಕೆ ತೂಕದ 2/3 ಪವರ್ರೇ ಬೇಕು. 1 ಕೆಜಿ ಹಣ್ಣು 200 ಹರ್ಟ್ಸ್‌ನಲ್ಲಿ ಅದುರತ್ತೆ, 8 ಕೆಜಿದು 100ರಲ್ಲಿ ಅಂತಿಟ್ಕೊಳ್ಳಿ. ಮೊದಲನೆಯದಕ್ಕೆ 40,000 ಇಂಟು 1, ಎರಡನೆಯದಕ್ಕೆ 10,000 ಇಂಟು 4 (8ರ ಘನಮೂಲ 2, ಅದರ ಸ್ಕ್ವೇರ್ 4). ಎರಡೂ 40,000, ಅಂದ್ರೆ ದನಿ ಬೇರೆ ಆದ್ರೂ ಗಟ್ಟಿತನ ಒಂದೇ! ಬರೀ ಕಿವಿಗೆ ಈ ಲೆಕ್ಕ ಸಿಗೋದು ಕಷ್ಟ.

ಮಾಗ್ತಾ ಮಾಗ್ತಾ ಎನ್‌ಜೈಮ್‌ಗಳು ಕೋಶಗಳ ಗೋಡೆಯಲ್ಲಿರೋ ಪೆಕ್ಟಿನ್ ಅನ್ನೋ ಅಂಟನ್ನ ಕರಗಿಸ್ತಾವೆ, ತಿರುಳು ಮೆತ್ತಗಾಗತ್ತೆ, ಇಂಡೆಕ್ಸೂ ಇಳಿಯತ್ತೆ. ಸೇಬಲ್ಲಿ ಒಂದೇ ಹಣ್ಣನ್ನ ದಿನಾ ಅಳೆದು ನಂಬರ್ ಎಷ್ಟು ಬೇಗ ಇಳೀತಿದೆ ಅಂತ ನೋಡೋದು, ಒಂದ್ಸಲ ಅಳೆದು ತೀರ್ಪು ಕೊಡೋದಕ್ಕಿಂತ ಎಷ್ಟೋ ವಾಸಿ.

ಆದ್ರೆ ಇದು ಸಿಹಿ ಅಳೆಯಲ್ಲ, ಅದಕ್ಕೆ ರಸದ ಬ್ರಿಕ್ಸ್, ಅಂದ್ರೆ ರಸದಲ್ಲಿ ಕರಗಿರೋ ಸಕ್ಕರೆಯ ಅಳತೆ, ನೋಡ್ಬೇಕು. ಕಲ್ಲಂಗಡಿ ಒಳಗೆ ಟೊಳ್ಳು ಬಿದ್ದಿದ್ರೂ ದನಿ ಬದಲಾಗಿ ಲೆಕ್ಕ ದಾರಿ ತಪ್ಪತ್ತೆ. ಮಾವಿನಹಣ್ಣಂತೂ ಗುಂಡಗೂ ಇಲ್ಲ, ನಡುವೆ ದೊಡ್ಡ ಓಟೆ ಬೇರೆ, ಅಲ್ಲಿ ಈ ಸೂತ್ರ ಇದ್ದ ಹಾಗೇ ಹಾಕೋಕಾಗಲ್ಲ.