ಡ್ರಾಯರಿನಲ್ಲಿ ಮಲಗಿರುವ ಹಾರ್ಡ್ ಡಿಸ್ಕ್‌ಗಳಿಗೆ ಒಂದು ಡಾಕ್

ಹಳೆಯ ಕಂಪ್ಯೂಟರ್ ಗುಜರಿಗೆ ಹೋದರೂ ಅದರ ಹಾರ್ಡ್ ಡಿಸ್ಕ್ ಮನೆಯಲ್ಲೇ ಉಳಿಯುತ್ತದೆ. ಫೋಟೋ, ವಿಡಿಯೋ, ಹಳೆ ಲೆಕ್ಕಪತ್ರ ಎಲ್ಲ ಅದರಲ್ಲಿದೆ ಅಂತ ಬಿಚ್ಚಿ ಡ್ರಾಯರಿಗೆ ಹಾಕಿರುತ್ತಾರೆ. ಒಳ್ಳೆಯ ಕೆಲಸವೇ. ಆದರೆ ನಾಲ್ಕು ವರ್ಷ ಬಿಟ್ಟು ಒಂದು ಫೋಟೋ ಬೇಕಾದಾಗ, ಇದನ್ನು ಈಗ ಎಲ್ಲಿಗೆ ಚುಚ್ಚುವುದು ಎಂಬ ಪ್ರಶ್ನೆ ಬರುತ್ತದೆ. ಡಿಸ್ಕಿನಿಂದ ಫೈಲ್ ತೆಗೆದುಕೊಡುವುದೇ ನನ್ನ ಕೆಲಸ. ದಿನಕ್ಕೆ ಹತ್ತಾರು ಬಾರಿ ನನ್ನ ಕೈ ಹೋಗುವುದು ಮೇಜಿನ ಮೇಲಿರುವ ಡಾಕ್ ಕಡೆಗೆ.

ಡಾಕ್ ಅಂದರೆ ಮೇಲೆ ಒಂದೋ ಎರಡೋ ಸ್ಲಾಟ್ ಇರುವ ಸಣ್ಣ ಡಬ್ಬ. ಡಿಸ್ಕನ್ನು ನೆಟ್ಟಗೆ ಇಳಿಸಿ ಮೆಲ್ಲಗೆ ಒತ್ತಿದರೆ ಕೂತುಕೊಳ್ಳುತ್ತದೆ. ಹಿಂದೆ ಒಂದು ಯುಎಸ್‌ಬಿ ಕೇಬಲ್, ಒಂದು ಪವರ್ ಅಡಾಪ್ಟರ್. ಸ್ಕ್ರೂ ಇಲ್ಲ, ಕವರ್ ಇಲ್ಲ. ಡೆಸ್ಕ್‌ಟಾಪಿನ ದೊಡ್ಡ 3.5 ಇಂಚಿನ ಡಿಸ್ಕೂ ಲ್ಯಾಪ್‌ಟಾಪಿನ ಚಿಕ್ಕ 2.5 ಇಂಚಿನ ಡಿಸ್ಕೂ ಅದೇ ಸ್ಲಾಟಿನಲ್ಲಿ ಹಿಡಿಯುತ್ತವೆ. ಗಾತ್ರ ಬೇರೆಯಾದರೂ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸುವ ಸಾಟಾ ಕನೆಕ್ಟರ್ ಎರಡರಲ್ಲೂ ಒಂದೇ. ಡೇಟಾಗೆ 7 ಪಿನ್, ಪವರ್‌ಗೆ 15 ಪಿನ್. ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಬರೆದಿಡುವ ಎಸ್‌ಎಸ್‌ಡಿಯಲ್ಲೂ ಸಾಟಾ ಇದ್ದರೆ ಅದೂ ಕೂರುತ್ತದೆ.

ಕೂರದವೂ ಇವೆ. ಎರಡು ಸಾಲು ಸೂಜಿಯಂಥ ಪಿನ್ ಇರುವ ಹಳೇ ಐಡಿಇ ಡಿಸ್ಕಿಗೆ ಬೇರೆ ಅಡಾಪ್ಟರ್ ಬೇಕು. ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಎಸ್‌ಎಸ್‌ಡಿಗೆ ಬೇರೆ ಡಬ್ಬವೇ ಬೇಕು. ಸರ್ವರಿನಿಂದ ಬಿಚ್ಚಿದ ಎಸ್‌ಎಎಸ್ ಡಿಸ್ಕ್ ನೋಡಲು ಸಾಟಾದಂತೆಯೇ ಇರುತ್ತದೆ, ಆದರೆ ಕನೆಕ್ಟರಿನ ನಡುವಿನ ಕಚ್ಚು ಅದರಲ್ಲಿ ಮುಚ್ಚಿರುತ್ತದೆ. ಅದು ಒಳಗೆ ಹೋಗುತ್ತಿಲ್ಲ ಅಂತ ಬಲ ಹಾಕಿ ತುರುಕಿದವರನ್ನು ನೋಡಿದ್ದೇನೆ. ಡಿಸ್ಕಿಗೆ ಏನೂ ಆಗಿರಲಿಲ್ಲ, ಡಾಕ್ ಹೋಗಿತ್ತು.

ಈಗ ಅಡಾಪ್ಟರಿನ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ 'ಡಿಸ್ಕ್ ಸತ್ತಿದೆ' ಅಂತ ನನ್ನ ಹತ್ತಿರ ಬರುವ ಎಷ್ಟೋ ಡಿಸ್ಕುಗಳು ಸತ್ತಿರುವುದೇ ಇಲ್ಲ.

2.5 ಇಂಚಿನ ಡಿಸ್ಕಿಗೆ 5 ವೋಲ್ಟ್ ಸಾಕು. 3.5 ಇಂಚಿನದಕ್ಕೆ 5 ವೋಲ್ಟ್ ಜೊತೆಗೆ ಮೋಟರ್ ತಿರುಗಿಸಲು 12 ವೋಲ್ಟ್ ಬೇಕು. ಮಾಮೂಲಿ ಯುಎಸ್‌ಬಿ ಕೇಬಲಿನಲ್ಲಿ ಬರುವುದು 5 ವೋಲ್ಟ್ ಮಾತ್ರ. ಹಾಗಾಗಿಯೇ ಡಾಕಿಗೆ ಬೇರೆ ಅಡಾಪ್ಟರ್. ಡಿಸ್ಕಿನೊಳಗೆ ನಿಂತಿರುವ ತಟ್ಟೆಗಳನ್ನು ತಿರುಗಿಸಲು ಶುರುಮಾಡುವ ಮೊದಲ ಕೆಲವು ಸೆಕೆಂಡು ಡಿಸ್ಕ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಕೆಲವು 2 ಆಂಪಿಯರ್ ಹತ್ತಿರ ಹೋಗುತ್ತವೆ. ವೇಗ ಹಿಡಿದ ಮೇಲೆ ಅದರ ಕಾಲು ಭಾಗವೂ ಬೇಕಾಗುವುದಿಲ್ಲ.

ಒಬ್ಬರು ಡಾಕನ್ನೂ ಡಿಸ್ಕನ್ನೂ ಜೊತೆಗೇ ತಂದಿದ್ದರು. ಚುಚ್ಚಿದೆ. 'ವುಂಯ್' ಅಂತ ತಿರುಗಲು ಶುರು ಮಾಡಿತು, 'ಟಿಕ್' ಅಂದಿತು, ನಿಂತಿತು. ಮತ್ತೆ 'ವುಂಯ್', ಮತ್ತೆ 'ಟಿಕ್'. ತಟ್ಟೆಯನ್ನು ಓದುವ ಹೆಡ್ ಹೋಗಿರುವ ಡಿಸ್ಕಿನ ಸದ್ದೂ ಸುಮಾರು ಹೀಗೇ ಇರುತ್ತದೆ, ಅವರ ಮುಖ ಸಪ್ಪಗಾಗಿತ್ತು. ಅಡಾಪ್ಟರ್ ತಿರುಗಿಸಿ ನೋಡಿದೆ. 12 ವೋಲ್ಟ್, 1 ಆಂಪಿಯರ್. ಅದು ವೈಫೈ ರೂಟರಿನದ್ದು! ಡಾಕಿನದು ಕಳೆದುಹೋಗಿತ್ತು, ಪಿನ್ ಹೊಂದಿತು ಅಂತ ಇದನ್ನು ಹಾಕಿದ್ದರು. ನನ್ನ 3 ಆಂಪಿಯರಿನದು ಹಾಕಿದ ತಕ್ಷಣ ಡಿಸ್ಕ್ ಒಂದೇ ಉಸಿರಿಗೆ ತಿರುಗಿ ಫೋಲ್ಡರ್ ತೋರಿಸಿತು. ಆಂಪಿಯರ್ ಡಾಕ್ ಕೇಳುವುದಕ್ಕಿಂತ ಜಾಸ್ತಿ ಇದ್ದರೆ ತೊಂದರೆಯಿಲ್ಲ, ಕಮ್ಮಿ ಇರಬಾರದು. ವೋಲ್ಟ್ ಮಾತ್ರ ಹೆಚ್ಚೂ ಆಗಬಾರದು, ಕಡಿಮೆಯೂ ಆಗಬಾರದು. ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರ್ ಚುಚ್ಚಿದರೆ ಡಾಕಿನ ಜೊತೆ ಡಿಸ್ಕಿನ ಬೋರ್ಡೂ ಸುಟ್ಟು ಹೋಗಬಹುದು. ನನ್ನ ಪ್ರತಿ ಅಡಾಪ್ಟರಿಗೂ ಯಾವುದರದ್ದು ಅಂತ ಚೀಟಿ ಅಂಟಿಸಿದ್ದೇನೆ. ಅಂಟಿಸುವ ಬುದ್ಧಿ ಒಂದು ಡಾಕ್ ಸುಟ್ಟ ಮೇಲೆ ಬಂದಿದ್ದು, ಅದು ಬೇರೆ ಮಾತು.

ವೇಗದ ಬಗ್ಗೆ ಜನ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 100ರಿಂದ 200 ಎಂಬಿ ಓದುತ್ತದೆ. ಯುಎಸ್‌ಬಿ 3.0 ಅದಕ್ಕೆ ಧಾರಾಳ ಸಾಕು. 10 ಗಿಗಾಬಿಟ್ ಡಾಕಿಗೆ ದುಡ್ಡು ಹಾಕಿದರೂ ಹಾರ್ಡ್ ಡಿಸ್ಕ್ ಜೋರಾಗಿ ಓಡುವುದಿಲ್ಲ. ನೋಡಬೇಕಾದ್ದು ಒಂದೇ, ಕೇಬಲನ್ನು ಹಳೆಯ ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿಲ್ಲ ತಾನೇ ಅಂತ. ಅಲ್ಲಿ ಸಿಗುವುದು 35 ಎಂಬಿ ಆಸುಪಾಸು. 1 ಟಿಬಿ ನಕಲು ಮಾಡಲು ಎರಡು ಗಂಟೆ ಸಾಕಾಗುವ ಕಡೆ ಎಂಟು ಗಂಟೆ ಕಾಯಬೇಕಾಗುತ್ತದೆ.

ಇನ್ನು ನನಗೆ ಅತಿ ಹೆಚ್ಚು ಫೋನ್ ಬರುವುದು ವಿಂಡೋಸ್ ತೋರಿಸುವ ಒಂದು ಸಂದೇಶದ ಬಗ್ಗೆ. ಹಳೆ ಡಿಸ್ಕನ್ನು ಡಾಕಿಗೆ ಹಾಕಿದ ಕೂಡಲೇ 'ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?' ಅಂತ ಕೇಳುತ್ತದೆ. ದಯವಿಟ್ಟು ಕ್ಯಾನ್ಸಲ್ ಒತ್ತಿ. ಡಿಸ್ಕಿನಲ್ಲಿ ಏನೂ ಇಲ್ಲ ಅಂತ ವಿಂಡೋಸ್ ಹೇಳುತ್ತಿಲ್ಲ, ಇದರಲ್ಲಿ ಇರುವುದು ನನಗೆ ಅರ್ಥವಾಗುತ್ತಿಲ್ಲ ಅನ್ನುತ್ತಿದೆ ಅಷ್ಟೇ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ 'ಇನಿಷಿಯಲೈಸ್' ಅಂತ ಕೇಳಿದರೂ ಉತ್ತರ ಕ್ಯಾನ್ಸಲ್ಲೇ.

ಅರ್ಥವಾಗದಿರಲು ಕಾರಣ ಹಲವು. ಮ್ಯಾಕ್ ಅಥವಾ ಲಿನಕ್ಸಿನಿಂದ ಬಂದ ಡಿಸ್ಕ್ ಇರಬಹುದು, ಅದನ್ನು ವಿಂಡೋಸ್ ತಾನಾಗಿ ಓದುವುದಿಲ್ಲ. ಡಾಕ್ ತುಂಬ ಹಳೆಯದಾಗಿದ್ದರೆ 2 ಟಿಬಿಗಿಂತ ದೊಡ್ಡ ಡಿಸ್ಕಿನ ಗಾತ್ರವನ್ನೇ ತಪ್ಪಾಗಿ ತೋರಿಸುತ್ತದೆ. ಇನ್ನೊಂದು ಕಾರಣ ಸ್ವಲ್ಪ ಸೂಕ್ಷ್ಮದ್ದು. ಎಕ್ಸ್‌ಟರ್ನಲ್ ಡಬ್ಬ ಕೆಟ್ಟಿತು ಅಂತ ಅದರೊಳಗಿನ ಡಿಸ್ಕನ್ನು ಬಿಚ್ಚಿ ಡಾಕಿಗೆ ಹಾಕುವವರಿದ್ದಾರೆ. ಕೆಲವು ಡಬ್ಬಗಳ ಒಳಗಿನ ಚಿಪ್ ಬರೆಯುವಾಗಲೇ ಎಲ್ಲವನ್ನೂ ಗೂಢಲಿಪಿ ಮಾಡಿ ಬರೆಯುತ್ತದೆ. ಪಾಸ್‌ವರ್ಡ್ ಇಟ್ಟಿರಲಿ ಬಿಡಲಿ, ಆ ಚಿಪ್ ಇಲ್ಲದೆ ಡಿಸ್ಕಿನಲ್ಲಿರುವುದು ಬರೀ ಕಸದಂತೆ ಕಾಣುತ್ತದೆ. ಇನ್ನು ಕೆಲವು ಡಬ್ಬಗಳು ಡಿಸ್ಕಿನ 512 ಬೈಟ್ ಸೆಕ್ಟರುಗಳನ್ನು, ಅಂದರೆ ಡೇಟಾ ಬರೆದಿಡುವ ಸಣ್ಣ ತುಂಡುಗಳನ್ನು, ಎಂಟೆಂಟು ಸೇರಿಸಿ, 4096 ಬೈಟಿನ ಒಂದು ಸೆಕ್ಟರ್ ಅಂತ ಕಂಪ್ಯೂಟರಿಗೆ ಹೇಳುತ್ತವೆ. ಡಿಸ್ಕನ್ನು ಭಾಗ ಮಾಡುವ ಹಳೆಯ ಪಾರ್ಟಿಷನ್ ಪದ್ಧತಿಯ 2 ಟಿಬಿ ಮಿತಿಯನ್ನು ದಾಟಲು ಮಾಡಿದ ಉಪಾಯ ಅದು. ಅದೇ ಡಿಸ್ಕನ್ನು ಡಾಕಿಗೆ ಹಾಕಿದರೆ ಡಾಕ್ ಒಂದೊಂದಾಗಿ ಎಣಿಸುತ್ತದೆ. ಪಾರ್ಟಿಷನ್ ಇಂಥ ನಂಬರಿನ ಸೆಕ್ಟರಿನಲ್ಲಿ ಶುರು ಅಂತ ಬರೆದಿರುತ್ತದೆ, ಆ ನಂಬರಿಗೆ ಹೋದರೆ ಅಲ್ಲಿ ಬೇರೇನೋ ಇರುತ್ತದೆ. ಫೈಲುಗಳೆಲ್ಲ ಸುರಕ್ಷಿತವಾಗೇ ಇರುತ್ತವೆ, ವಿಳಾಸ ಮಾತ್ರ ತಪ್ಪಿರುತ್ತದೆ. ಹಳೇ ಡಬ್ಬಕ್ಕೇ ಅಥವಾ ಅದೇ ಮಾಡೆಲಿನ ಇನ್ನೊಂದಕ್ಕೆ ಹಾಕಿದರೆ ಎಲ್ಲ ಕಾಣಿಸುತ್ತದೆ. ಈ ಕಾರಣಕ್ಕೇ, ಕೆಟ್ಟ ಡಬ್ಬವನ್ನು ಫೈಲ್ ಕೈಗೆ ಸಿಗುವವರೆಗೆ ಎಸೆಯಬೇಡಿ.

ಫೋಲ್ಡರ್ ಕಾಣುತ್ತಿದೆ, ತೆರೆಯಲು ಹೋದರೆ ಅನುಮತಿ ಇಲ್ಲ ಅನ್ನುತ್ತದೆ ಎಂದರೆ ಹೆದರಬೇಡಿ. ಅದು ಹಳೇ ಕಂಪ್ಯೂಟರಿನ ಯೂಸರ್ ಹೆಸರಲ್ಲಿ ಇದ್ದ ಫೋಲ್ಡರ್. ಕಂಟಿನ್ಯೂ ಒತ್ತಿ ಕಾಯ್ದರೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ವಿಂಡೋಸಿನ ಡಿಸ್ಕ್ ಬೀಗವಾದ ಬಿಟ್‌ಲಾಕರ್ ರಿಕವರಿ ಕೀ ಕೇಳಿದರೆ ಮಾತ್ರ ಆ 48 ಅಂಕಿಯ ಕೀ ಬೇಕೇ ಬೇಕು, ಅಥವಾ ಹಿಂದೆ ಇಟ್ಟ ಪಾಸ್‌ವರ್ಡ್ ನೆನಪಿರಬೇಕು.

ಎರಡು ಸ್ಲಾಟಿನ ಹಲವು ಡಾಕುಗಳಲ್ಲಿ ಕ್ಲೋನ್ ಬಟನ್ ಇರುತ್ತದೆ. ಕಂಪ್ಯೂಟರ್ ಇಲ್ಲದೆಯೇ ಒಂದು ಡಿಸ್ಕನ್ನು ಇನ್ನೊಂದಕ್ಕೆ ಪೂರ್ತಿ ನಕಲು ಮಾಡುತ್ತದೆ. ಅದು ಫೈಲ್ ನೋಡುವುದಿಲ್ಲ, ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಇದ್ದದ್ದನ್ನು ಇದ್ದಂತೆ ಬರೆಯುತ್ತಾ ಹೋಗುತ್ತದೆ. ಆದ್ದರಿಂದ ಬರೆಸಿಕೊಳ್ಳುವ ಡಿಸ್ಕ್ ಮೂಲದಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಈ ಬಟನ್ ಕಂಡರೆ ನನಗೆ ಈಗಲೂ ಸ್ವಲ್ಪ ಭಯ. ಒಂದು ಸಂಜೆ ಮನೆಗೆ ಹೊರಡುವ ಅವಸರದಲ್ಲಿ, ನನ್ನದೇ ಒಂದು ಡಿಸ್ಕನ್ನು ನಕಲು ಮಾಡಲು ಹಾಕಿದೆ. ಡಾಕ್ ಹೊಸದು. ನನ್ನ ಹಳೇ ಡಾಕಿನಲ್ಲಿ ಮೂಲದ ಡಿಸ್ಕ್ ಮುಂದಿನ ಸ್ಲಾಟಿಗೆ ಹೋಗುತ್ತಿತ್ತು, ಇದರಲ್ಲಿ ಹಿಂದಿನದಕ್ಕೆ. ಕೈ ಅಭ್ಯಾಸದಂತೆ ಹಾಕಿತು. ಮರುದಿನ ಬೆಳಿಗ್ಗೆ ಡಾಕಿನ ನಾಲ್ಕೂ ದೀಪ ಉರಿಯುತ್ತಿದ್ದವು, ಕೆಲಸ ಅಚ್ಚುಕಟ್ಟಾಗಿ ಮುಗಿದಿತ್ತು. ಖಾಲಿ ಡಿಸ್ಕಿನ ಪರಿಪೂರ್ಣ ನಕಲು! ಹೀಗೆ ಮೇಲೆ ಬೇರೆಯದನ್ನು ಬರೆದು ಅಳಿಸಿದ್ದನ್ನು ವಾಪಸ್ ತರಲು ನನ್ನ ಕಸುಬಿನಲ್ಲೂ ದಾರಿಯಿಲ್ಲ. ಅದರಲ್ಲಿದ್ದ ಅರ್ಧದಷ್ಟು ಬೇರೆ ಕಡೆ ಇತ್ತು, ಉಳಿದರ್ಧ ಹೋಯಿತು. ಈಗ ಬರೆಸಿಕೊಳ್ಳುವ ಸ್ಲಾಟಿನ ಮೇಲೆ ಕೆಂಪು ಟೇಪ್ ಇದೆ. ಬಟನ್ ಒತ್ತುವ ಮುಂಚೆ ಎರಡೂ ಡಿಸ್ಕಿನ ಲೇಬಲ್ ಜೋರಾಗಿ ಓದುತ್ತೇನೆ, ಪಕ್ಕದವರು ನಕ್ಕರೂ ಸರಿ.

ಕ್ಲೋನ್ ಮುಗಿದ ಮೇಲೆ ಎರಡೂ ಡಿಸ್ಕನ್ನು ಒಟ್ಟಿಗೇ ಕಂಪ್ಯೂಟರಿಗೆ ತೋರಿಸಿದರೆ ಒಂದು 'ಆಫ್‌ಲೈನ್' ಅಂತ ಬರಬಹುದು. ಎರಡರ ಗುರುತಿನ ನಂಬರೂ ಒಂದೇ ಆಗಿರುವುದರಿಂದ ವಿಂಡೋಸ್ ಒಂದನ್ನು ಬದಿಗಿಡುತ್ತದೆ. ಒಂದೊಂದಾಗಿ ಹಾಕಿ ನೋಡಿ.

ಕೆಡುತ್ತಿರುವ ಡಿಸ್ಕಿಗೆ ಮಾತ್ರ ಈ ಬಟನ್ ಬೇಡವೇ ಬೇಡ. ಕೆಟ್ಟ ಸೆಕ್ಟರ್ ಬಂದಾಗ ಕೆಲವು ಡಾಕುಗಳು ಅಲ್ಲೇ ನಿಂತುಬಿಡುತ್ತವೆ. ಕೆಲವು ಏನೂ ಹೇಳದೆ ಹಾರಿ ಮುಂದೆ ಹೋಗುತ್ತವೆ. ಯಾವ ಫೈಲ್ ಹೋಯಿತು ಅಂತ ನಿಮಗೆ ಗೊತ್ತಾಗುವುದಿಲ್ಲ. ಲಿನಕ್ಸಿನ ಡಿಡಿರೆಸ್ಕ್ಯೂ ಎಂಬ ನಕಲು ಮಾಡುವ ಸಾಫ್ಟ್‌ವೇರ್ ಸುಲಭವಾಗಿ ಬರುವ ಭಾಗವನ್ನೆಲ್ಲ ಮೊದಲು ಎತ್ತಿಕೊಂಡು, ಹಟ ಮಾಡುವ ಸೆಕ್ಟರುಗಳ ಹತ್ತಿರ ಆಮೇಲೆ ಹೋಗುತ್ತದೆ. ಎಲ್ಲಿಯವರೆಗೆ ಬಂತು ಎಂಬ ಲೆಕ್ಕವನ್ನೂ ಒಂದು ಫೈಲಿನಲ್ಲಿ ಬರೆದಿಡುತ್ತದೆ. ಡಿಸ್ಕ್ 'ಟಕ್ ಟಕ್' ಅಂತ ಬಡಿಯುತ್ತಿದ್ದು, ಅಡಾಪ್ಟರ್ ಸರಿಯಾಗಿದೆ ಅಂತ ಖಾತ್ರಿಯಾಗಿದ್ದರೆ ಅದನ್ನೂ ಮಾಡಬೇಡಿ. ಡಾಕಿನಿಂದ ತೆಗೆದು ಪಕ್ಕಕ್ಕಿಡಿ. ಇನ್ನೊಂದು ಸಲ ನೋಡೋಣ, ಇನ್ನೊಂದೇ ಸಲ ಅಂತ ಆನ್ ಮಾಡಿದಷ್ಟೂ ತಟ್ಟೆ ಗೀಚಿಹೋಗುತ್ತದೆ.

ಒಳ್ಳೆಯ ಡಿಸ್ಕಿಗೂ ಡಾಕಿನಲ್ಲಿ ಒಂದು ಕಷ್ಟ ಇದೆ, ಬಿಸಿ. ಹೆಚ್ಚಿನ ಡಾಕುಗಳಲ್ಲಿ ಫ್ಯಾನ್ ಇರುವುದಿಲ್ಲ. ಗಂಟೆಗಟ್ಟಲೆ ಬರೆಯುವಾಗ ಡಿಸ್ಕ್ 50 ಡಿಗ್ರಿ ದಾಟುತ್ತದೆ. ಸಾಮಾನ್ಯ ಡಿಸ್ಕುಗಳಿಗೆ ತಯಾರಕರು ಕೊಡುವ ಮಿತಿ 60 ಡಿಗ್ರಿ ಆಸುಪಾಸು. ದೊಡ್ಡ ನಕಲು ಇದ್ದಾಗ ನಾನು ಟೇಬಲ್ ಫ್ಯಾನನ್ನು ಡಾಕಿನ ಕಡೆ ತಿರುಗಿಸಿಡುತ್ತೇನೆ. ಡಿಸ್ಕನ್ನು ಡಾಕಿನಲ್ಲೇ ವರ್ಷಗಟ್ಟಲೆ ಬಿಟ್ಟಿರುವವರನ್ನು ಕಂಡರೆ ನನಗೆ ಸಂಕಟ. ಧೂಳು, ಬಿಸಿ ಎರಡನ್ನೂ ತಿನ್ನುತ್ತಾ ತಲೆ ಮೇಲೆ ಎತ್ತಿಕೊಂಡು ನಿಂತಿರುತ್ತದೆ. ಕೈ ತಾಗಿ ಉರುಳಿದರೆ ಮುಗಿಯಿತು. ದಿನವಿಡೀ ಬೇಕಾಗುವ ಡಿಸ್ಕಿಗೆ ಮುಚ್ಚಿದ ಡಬ್ಬವೇ ಸರಿ. ಡಾಕ್ ಇರುವುದು ಹಾಕಿ, ಕೆಲಸ ಮುಗಿಸಿ, ತೆಗೆದಿಡುವುದಕ್ಕೆ.

ತೆಗೆಯುವುದಕ್ಕೂ ಕ್ರಮವಿದೆ. ಮೊದಲು ಕಂಪ್ಯೂಟರಿನಲ್ಲಿ ಇಜೆಕ್ಟ್ ಕೊಡಿ. ಆಮೇಲೆ ಡಾಕಿನ ಸ್ವಿಚ್ ಆಫ್ ಮಾಡಿ. ಆಮೇಲೆ ಇಪ್ಪತ್ತು ಸೆಕೆಂಡು ಸುಮ್ನೆ ಇರಿ. ನಿಮಿಷಕ್ಕೆ 7200 ಸುತ್ತು ತಿರುಗುತ್ತಿದ್ದ ತಟ್ಟೆ ಸ್ವಿಚ್ ಆಫ್ ಆದ ತಕ್ಷಣ ನಿಲ್ಲುವುದಿಲ್ಲ. ತಿರುಗುತ್ತಿರುವ ಡಿಸ್ಕನ್ನು ಎತ್ತಿ ಓರೆ ಮಾಡಿದರೆ ಅದು ಬುಗುರಿಯಂತೆ ಕೈಯನ್ನೇ ಎಳೆಯುತ್ತದೆ. ಆ ಎಳೆತ ಕೈಗೆ ತಿಳಿಯಿತು ಅಂದರೆ ನೀವು ಅವಸರ ಮಾಡಿದ್ದೀರಿ ಅಂತ ಅರ್ಥ.

ತೆಗೆದ ಡಿಸ್ಕನ್ನು ಆಂಟಿಸ್ಟ್ಯಾಟಿಕ್ ಕವರಿಗೆ ಹಾಕಿ, ಒಂದು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಳವಿರುವ ಡಬ್ಬಿಯಲ್ಲಿಡಿ. ಆರು ತಿಂಗಳಿಗೊಮ್ಮೆ ಡಾಕಿಗೆ ಹಾಕಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಸಾಫ್ಟ್‌ವೇರಿನಲ್ಲಿ ಅದರ ಆರೋಗ್ಯ ನೋಡಿ. ಅಲ್ಲಿ ಹತ್ತಾರು ಸಾಲು ಬರುತ್ತದೆ, ನಾನು ಮೊದಲು ನೋಡುವುದು ಎರಡೇ. ರೀಅಲೊಕೇಟೆಡ್ ಸೆಕ್ಟರ್ (ಕೆಟ್ಟಿತು ಅಂತ ಡಿಸ್ಕ್ ಬದಲಿ ಜಾಗ ಕೊಟ್ಟದ್ದು) ಎಷ್ಟು, ಪೆಂಡಿಂಗ್ ಸೆಕ್ಟರ್ (ಓದಲಾಗದೆ ತೀರ್ಮಾನಕ್ಕೆ ಕಾದಿರುವುದು) ಎಷ್ಟು. ಎರಡೂ ಸೊನ್ನೆ ಇದ್ದರೆ ಒಳ್ಳೆಯದು. ಮೊದಲನೆಯದು ಚಿಕ್ಕ ಸಂಖ್ಯೆಯಲ್ಲೇ ಉಳಿದಿದ್ದರೆ ಅಷ್ಟು ಚಿಂತೆಯಿಲ್ಲ. ಸಲದಿಂದ ಸಲಕ್ಕೆ ಏರುತ್ತಿದ್ದರೆ ಡಿಸ್ಕ್ ಹೊರಡುವ ತಯಾರಿಯಲ್ಲಿದೆ. ಕೆಲವು ಅಗ್ಗದ ಡಾಕುಗಳು ಈ ಮಾಹಿತಿಯನ್ನು ಕಂಪ್ಯೂಟರಿಗೆ ದಾಟಿಸುವುದೇ ಇಲ್ಲ. ಕೊಳ್ಳುವಾಗ ಇದೊಂದನ್ನು ವಿಚಾರಿಸಿ, ವೇಗಕ್ಕಿಂತ ಇದು ಮುಖ್ಯ ಅಂತ ನನ್ನ ಲೆಕ್ಕ.

ನೋಡಿದ್ದನ್ನು ಡಿಸ್ಕಿನ ಮೇಲೇ ಒಂದು ಚೀಟಿಗೆ ಬರೆಯಿರಿ, ದಿನಾಂಕದ ಸಮೇತ. ಚೀಟಿ ಅಂಟಿಸುವಾಗ ಡಿಸ್ಕಿನ ಸಣ್ಣ ಗಾಳಿ ತೂತು ಮುಚ್ಚದಂತೆ ನೋಡಿಕೊಳ್ಳಿ. ನನ್ನ ಕಪಾಟಿನಲ್ಲಿರುವ ಒಂದು 2 ಟಿಬಿ ಡಿಸ್ಕಿನ ಚೀಟಿಯಲ್ಲಿ ಹನ್ನೊಂದು ದಿನಾಂಕಗಳಿವೆ. ಹತ್ತರ ಮುಂದೆ ಸೊನ್ನೆ. ಹನ್ನೊಂದನೆಯದರ ಮುಂದೆ 'ಪೆಂಡಿಂಗ್ 8' ಅಂತಿದೆ. ಅವತ್ತು ರಾತ್ರಿಯೇ ಕೂತು ಅದರಲ್ಲಿದ್ದದ್ದನ್ನೆಲ್ಲ ಬೇರೆ ಡಿಸ್ಕಿಗೆ ಇಳಿಸಿದೆ, ಟೇಬಲ್ ಫ್ಯಾನ್ ಪಕ್ಕದಲ್ಲಿ ತಿರುಗುತ್ತಿತ್ತು.