ಹೊರದೇಶದಲ್ಲಿ ರಿಟೈರ್ಡ್ ಲೈಫ್: ಟ್ರಾವೆಲ್ ಇನ್ಶೂರೆನ್ಸ್ ಇದ್ರೆ ಸಾಕಾಗಲ್ವಾ?

ಪ್ರಶ್ನೆ: ನನಗೆ 67, ನಮ್ಮನೆಯವರಿಗೆ 63. ಇಬ್ರೂ ರಿಟೈರ್ ಆಗಿದೀವಿ, ಪೆನ್ಷನ್ ಬರ್ತಿದೆ. ಕೈಕಾಲು ಗಟ್ಟಿ ಇರುವಾಗಲೇ ಒಂದೆರಡು ವರ್ಷ ಬೇರೆ ದೇಶದಲ್ಲಿ ಹೋಗಿ ಇರೋಣ ಅಂತ ಆಸೆ. ಲಾಂಗ್ ಸ್ಟೇ ವೀಸಾಗೆ ಹೆಲ್ತ್ ಇನ್ಶೂರೆನ್ಸ್ ಬೇಕೇ ಬೇಕು ಅಂತಾರೆ. ಟೂರ್ ಹೋದಾಗೆಲ್ಲ ಟ್ರಾವೆಲ್ ಇನ್ಶೂರೆನ್ಸ್ ಮಾಡಿಸ್ತಿದ್ವಿ, ಅದನ್ನೇ ಒಂದು ವರ್ಷಕ್ಕೆ ಮಾಡಿಸಿದ್ರೆ ಆಗಲ್ವಾ? ಅಂದಹಾಗೆ ನನಗೆ ಬಿಪಿ ಇದೆ, ನಾಲ್ಕು ವರ್ಷದ ಹಿಂದೆ ಒಂದು ಸ್ಟೆಂಟ್ ಹಾಕಿದಾರೆ.

ಉತ್ತರ: ಆಗಲ್ಲ. ಕೆಲವು ದೇಶದಲ್ಲಿ ವೀಸಾ ಕೊಡೋ ಹೊತ್ತಿಗೆ ಅದನ್ನ ಒಪ್ಕೋತಾರೆ ನಿಜ, ಆದ್ರೆ ಅಲ್ಲಿ ಹೋಗಿ ಬದುಕೋಕೆ ಅದು ಸಾಲಲ್ಲ. ನೀವು ಕೊನೆಗೆ "ಅಂದಹಾಗೆ" ಅಂತ ಹೇಳಿದ್ರಲ್ಲ ಸ್ಟೆಂಟ್ ವಿಷಯ, ನನ್ನ ಪ್ರಕಾರ ನಿಮ್ಮ ಹುಡುಕಾಟ ಅಲ್ಲಿಂದಲೇ ಶುರು ಆಗ್ಬೇಕು, ಯಾವ ದೇಶ, ಸಮುದ್ರದ ಪಕ್ಕನಾ ಬೆಟ್ಟದ ಮೇಲಾ ಅನ್ನೋದೆಲ್ಲ ಆಮೇಲೆ.

ಟ್ರಾವೆಲ್ ಇನ್ಶೂರೆನ್ಸ್ ಮಾಡಿರೋದೇ ವಾಪಸ್ ಮನೆಗೆ ಹೋಗೋರಿಗೆ. ದಾರಿಲಿ ಬಿದ್ದು ಕಾಲು ಮುರೀತು, ಎದೆನೋವು ಬಂತು ಅಂದ್ರೆ ಆಸ್ಪತ್ರೆಗೆ ಸೇರಿಸ್ತಾರೆ, ಪ್ರಯಾಣ ಮಾಡೋ ಸ್ಥಿತಿಗೆ ಬಂದ ತಕ್ಷಣ ನಿಮ್ಮ ದೇಶಕ್ಕೆ ಕಳಿಸ್ತಾರೆ, ಅಲ್ಲಿಗೆ ಅವರ ಜವಾಬ್ದಾರಿ ಮುಗೀತು. ಮೂರು ತಿಂಗಳಿಗೊಮ್ಮೆ ಬಿಪಿ ಚೆಕಪ್, ಕಣ್ಣಿನ ಪೊರೆ ಆಪರೇಷನ್, ತಿಂಗಳುಗಟ್ಟಲೆ ನಡೆಯೋ ಕ್ಯಾನ್ಸರ್ ಚಿಕಿತ್ಸೆ, ಇದ್ಯಾವುದೂ ಅದರ ಲೆಕ್ಕದಲ್ಲಿ ಇಲ್ಲ. ಯುರೋಪ್ ಟೂರಿಗೆ 30,000 ಯೂರೋ ಕವರ್ ಕೇಳ್ತಾರಲ್ಲ, ಅದು ಷೆಂಗೆನ್ (ಒಂದೇ ವೀಸಾ ನಡೆಯೋ ಯುರೋಪ್ ದೇಶಗಳ ಗುಂಪು) ಶಾರ್ಟ್ ಸ್ಟೇ ವೀಸಾ ನಿಯಮ, 180 ದಿನದಲ್ಲಿ 90 ದಿನ ಇದ್ದು ಬರೋರಿಗೆ. ಅದಕ್ಕಿಂತ ಜಾಸ್ತಿ ಇರ್ತೀವಿ ಅಂದ್ರೆ ಒಂದೊಂದು ದೇಶದ್ದೂ ಒಂದೊಂದು ಕಾನೂನು.

ಸ್ಪೇನ್ ತಗೊಳ್ಳಿ, ಅಲ್ಲಿ ತುಂಬಾ ಸ್ಟ್ರಿಕ್ಟು. ರಿಟೈರ್ ಆದೋರು ಹೆಚ್ಚಾಗಿ ಹೋಗೋದು ನಾನ್ ಲುಕ್ರೇಟಿವ್ ವೀಸಾ ಮೇಲೆ, ಅಂದ್ರೆ ಅಲ್ಲಿ ಕೆಲಸ ಮಾಡಂಗಿಲ್ಲ. ಆದಾಯವನ್ನ ಐಪ್ರೆಮ್ ಅನ್ನೋ ಸರ್ಕಾರಿ ಸೂಚ್ಯಂಕದ ಮೇಲೆ ಅಳೀತಾರೆ, ಅದು ತಿಂಗಳಿಗೆ 600 ಯೂರೋ, ಅರ್ಜಿ ಹಾಕೋರಿಗೆ ಅದರ ನಾಲ್ಕು ಪಟ್ಟು, ಅಂದ್ರೆ ವರ್ಷಕ್ಕೆ 28,800 ಯೂರೋ, ಜೊತೆಗೆ ಬರೋರಿಗೆ ಇನ್ನೂ 7,200. ದುಡ್ಡಿನ ಲೆಕ್ಕ ಹೆಂಗೋ ಸರಿ ಹೋಗುತ್ತೆ, ಫೈಲ್ ವಾಪಸ್ ಬರೋದು ಇನ್ಶೂರೆನ್ಸಲ್ಲಿ. ಕಂಪನಿ ಸ್ಪೇನಲ್ಲಿ ವ್ಯವಹಾರ ನಡೆಸೋಕೆ ಪರವಾನಗಿ ಇರೋದಾಗಿರಬೇಕು, ಪಾಲಿಸಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಸಮನಾಗಿರಬೇಕು, ಸರ್ಟಿಫಿಕೇಟಲ್ಲಿ "ಸಿನ್ ಕೋಪಾಗೋಸ್", "ಸಿನ್ ಕಾರೆನ್ಸಿಯಾಸ್" ಅಂತ ಸ್ಪಷ್ಟವಾಗಿ ಬರೆದಿರಬೇಕು. ಮೊದಲನೇದು ಡಾಕ್ಟರ್ ಹತ್ರ ಹೋದಾಗೆಲ್ಲ ನಿಮ್ಮ ಪಾಲು ಅಂತ ಕೈಯಿಂದ ಕೊಡೋದು ಇರಬಾರದು ಅಂತ, ಎರಡನೇದು ಇಷ್ಟು ತಿಂಗಳು ಕಳೆದ ಮೇಲೇ ಈ ಚಿಕಿತ್ಸೆ ಅನ್ನೋ ವೇಟಿಂಗ್ ಪೀರಿಯಡ್ ಇರಬಾರದು ಅಂತ. ನನಗೆ ಪರಿಚಯದ ಒಂದು ದಂಪತಿ ಎಲ್ಲಾ ಪೇಪರ್ ಜೋಡಿಸಿಕೊಂಡು ಹೋದ್ರು, ಬ್ಯಾಂಕ್ ಸ್ಟೇಟ್‌ಮೆಂಟು, ಪೊಲೀಸ್ ಸರ್ಟಿಫಿಕೇಟು, ದಾಖಲೆ ಅಸಲಿ ಅಂತ ಸರ್ಕಾರ ಒತ್ತೋ ಅಪಾಸ್ಟೀಲ್ ಮುದ್ರೆ ಎಲ್ಲಾ ಸರಿ ಇತ್ತು, ಆದ್ರೆ ಪಾಲಿಸಿಯ ಎರಡನೇ ಪುಟದ ಒಂದು ಟೇಬಲ್ಲಲ್ಲಿ ಸ್ಪೆಷಲಿಸ್ಟ್ ಭೇಟಿಗೆ ಕೆಲವೇ ಯೂರೋ ಕೋಪೇ ಅಂತಿತ್ತು, ಅಷ್ಟಕ್ಕೇ ಬೇರೆ ಪಾಲಿಸಿ ತಗೊಂಡು ಬನ್ನಿ ಅಂತ ವಾಪಸ್ ಕಳಿಸಿದ್ರು. ಆ ಹೊತ್ತಿಗೆ ಅವರು ಮನೆಗೆ ಅಡ್ವಾನ್ಸ್ ಕೊಟ್ಟಾಗಿತ್ತು.

ಪಕ್ಕದ ಪೋರ್ಚುಗಲ್ ಪೂರ್ತಿ ಬೇರೆ. ಅಲ್ಲಿ ಪೆನ್ಷನ್ ಥರದ ಆದಾಯ ಇರೋರಿಗೆ ಡಿ7 ವೀಸಾ, ಆ ಆದಾಯ ಅಲ್ಲಿನ ಕನಿಷ್ಠ ವೇತನದಷ್ಟು ಇರಬೇಕು, 2025ರಲ್ಲಿ ಅದು ತಿಂಗಳಿಗೆ 870 ಯೂರೋ, ಜೊತೆಗಾರರಿಗೆ ಅದರ ಅರ್ಧ. ಈ ವೀಸಾ ನಾಲ್ಕು ತಿಂಗಳದ್ದು, ಆ ಅವಧಿಗೆ ಟ್ರಾವೆಲ್ ಇನ್ಶೂರೆನ್ಸ್ ನಡೆಯುತ್ತೆ, ನಾನು ಮೊದಲು ಹೇಳಿದ್ದು ಇದನ್ನೇ. ರೆಸಿಡೆನ್ಸ್ ಪರ್ಮಿಟ್ ಬಂದ್ಮೇಲೆ ಎಸ್‌ಎನ್‌ಎಸ್ ಅನ್ನೋ ಸರ್ಕಾರಿ ಆರೋಗ್ಯ ಸೇವೆಗೆ ಹೆಸರು ಹಚ್ಚಿಸಬಹುದು. ಫ್ರಾನ್ಸಲ್ಲಿ ವಿಸಿಟರ್ ವೀಸಾಗೆ ಪ್ರೈವೇಟ್ ಇನ್ಶೂರೆನ್ಸ್ ತೋರಿಸ್ಬೇಕು, ಮೂರು ತಿಂಗಳು ಅಲ್ಲೇ ನೆಲೆಸಿದ ಮೇಲೆ ಪ್ಯೂಮಾ ಅನ್ನೋ ಸರ್ಕಾರಿ ವ್ಯವಸ್ಥೆಗೆ ಅರ್ಜಿ ಹಾಕಬಹುದು, 2016ರಿಂದ ಇದೆ ಅದು.

ಥೈಲ್ಯಾಂಡಲ್ಲಿ 50 ದಾಟಿದೋರಿಗೆ ಒ-ಎ ವೀಸಾ ಇದೆ, ಬ್ಯಾಂಕಲ್ಲಿ 8 ಲಕ್ಷ ಬಾತ್ ಅಥವಾ ತಿಂಗಳಿಗೆ 65,000 ಬಾತ್ ಆದಾಯ. ಇದಕ್ಕೆ 2019ರ ಅಕ್ಟೋಬರ್ 31ರಿಂದ ಇನ್ಶೂರೆನ್ಸ್ ಕಡ್ಡಾಯ ಆಯ್ತು, ಮೊದಲು ಒಳರೋಗಿಗೆ 4 ಲಕ್ಷ ಬಾತ್, ಹೊರರೋಗಿಗೆ 40,000 ಅಂತಿತ್ತು, ಆಮೇಲೆ ಅದನ್ನ 30 ಲಕ್ಷ ಬಾತಿಗೆ ಏರಿಸಿದ್ರು. 2022ರ ಸೆಪ್ಟೆಂಬರಲ್ಲಿ ಬಂದ ಎಲ್‌ಟಿಆರ್ ಅನ್ನೋ ಹತ್ತು ವರ್ಷದ ವೀಸಾದಲ್ಲಿ ಮಾತ್ರ ಒಂದು ಒಳ್ಳೇ ದಾರಿ ಇದೆ, 50,000 ಡಾಲರ್ ಕವರ್ ಇರೋ ಪಾಲಿಸಿ ಇಲ್ಲ ಅಂದ್ರೆ 1 ಲಕ್ಷ ಡಾಲರ್ ಡೆಪಾಸಿಟ್ ತೋರಿಸಬಹುದು. ಇನ್ಶೂರೆನ್ಸ್ ಸಿಗದವರಿಗೆ ಇದು ದೊಡ್ಡ ಉಪಕಾರ, ಆದ್ರೆ ಆ ವೀಸಾಗೆ ಬೇಕಾದ ಆದಾಯವೂ ದೊಡ್ಡದೇ.

ಈಗ ನಿಮ್ಮ ಸ್ಟೆಂಟ್ ವಿಷಯಕ್ಕೆ ಬರ್ತೀನಿ. ಸ್ಟೆಂಟ್ ಇದೆ ಅಂತ ನಾನು ಹೇಳಿದ ಈ ದೇಶಗಳಲ್ಲಿ ಸಾಮಾನ್ಯವಾಗಿ ವೀಸಾ ತಡೆಯಲ್ಲ. ಸ್ಪೇನಿನವರು ಕೇಳೋ ಮೆಡಿಕಲ್ ಸರ್ಟಿಫಿಕೇಟ್ ಕೂಡ ಸಾರ್ವಜನಿಕ ಆರೋಗ್ಯಕ್ಕೆ ಅಪಾಯ ತರೋ ಸಾಂಕ್ರಾಮಿಕ ರೋಗಗಳ ಬಗ್ಗೆ, ಹೃದಯದ ಬಗ್ಗೆ ಅಲ್ಲ. ಕೇಳೋದು ಇನ್ಶೂರೆನ್ಸ್ ಕಂಪನಿ. ಅವರು ನಿಮ್ಮ ಹಳೇ ರಿಪೋರ್ಟ್ ನೋಡಿ ಪಾಲಿಸಿ ಕೊಡಲ್ಲ ಅನ್ನಬಹುದು, ಪ್ರೀಮಿಯಂ ಜಾಸ್ತಿ ಮಾಡಬಹುದು, ಇಲ್ಲಾ ಪಾಲಿಸಿ ಕೊಟ್ಟು ಹೃದಯಕ್ಕೆ ಸಂಬಂಧಿಸಿದ್ದು ಏನೂ ಕವರ್ ಆಗಲ್ಲ ಅಂತ ಒಂದು ಸಾಲು ಸೇರಿಸಬಹುದು. ಈ ಮೂರನೇದೇ ನನಗೆ ಭಯ. ಯಾಕಂದ್ರೆ ಅಂಥ ಪಾಲಿಸಿ ಎಷ್ಟೋ ಸಲ ವೀಸಾಗೆ ಪಾಸ್ ಆಗ್ಬಿಡಬಹುದು, ಎಲ್ಲಾ ಸರಿ ಇದೆ ಅಂತ ನೀವು ನೆಮ್ಮದಿಯಾಗಿ ಇರ್ತೀರಿ, ನಿಜವಾಗ್ಲೂ ಎದೆನೋವು ಬಂದ ದಿನ ಪೂರ್ತಿ ಬಿಲ್ಲು ನಿಮ್ಮ ಕೈಗೇ ಬರುತ್ತೆ. ವೀಸಾಗೆ ನಡೆಯೋ ಪಾಲಿಸಿ ಬೇರೆ, ಆಸ್ಪತ್ರೆಲಿ ಕೈಹಿಡಿಯೋ ಪಾಲಿಸಿ ಬೇರೆ, ಎರಡೂ ಒಂದೇ ಅಂತ ದಯವಿಟ್ಟು ಅಂದ್ಕೋಬೇಡಿ. ಸ್ಟೆಂಟ್ ವಿಷಯ ಮುಚ್ಚಿಟ್ಟು ಪಾಲಿಸಿ ತಗೊಳ್ಳಿ ಅಂತ ಯಾರಾದ್ರೂ ಏಜೆಂಟ್ ಹೇಳಿದ್ರೆ ಅವರ ಸಹವಾಸ ಬಿಟ್ಬಿಡಿ, ಕ್ಲೇಮ್ ಬಂದಾಗ ಕಂಪನಿಯವರು ಹಳೇ ದಾಖಲೆ ತರಿಸಿ ನೋಡ್ತಾರೆ, ಸುಳ್ಳು ಸಿಕ್ರೆ ಪಾಲಿಸಿನೇ ರದ್ದು.

ಹಾಗಾಗಿ ನಿಮ್ಮಂಥವರು ನೋಡ್ಬೇಕಾದ್ದು ಸರ್ಕಾರಿ ವ್ಯವಸ್ಥೆ ಒಳಗೆ ಸೇರೋಕೆ ಎಷ್ಟು ದಿನ ಹಿಡಿಯುತ್ತೆ ಅನ್ನೋದನ್ನ, ಯಾಕಂದ್ರೆ ಅಲ್ಲಿ ಸೇರಿದ್ಮೇಲೆ ಹಳೇ ಕಾಯಿಲೆ ಅಂತ ಹೊರಗಿಡಲ್ಲ. ಸ್ಪೇನಲ್ಲಿ ಒಂದು ವರ್ಷ ಇದ್ದ ಮೇಲೆ ಕೊನ್ವೇನಿಯೋ ಎಸ್ಪೆಸ್ಯಾಲ್ ಅನ್ನೋ ವ್ಯವಸ್ಥೆಗೆ ದುಡ್ಡು ಕಟ್ಟಿ ಸೇರಬಹುದು, 65ರ ಒಳಗಿನವರಿಗೆ ತಿಂಗಳಿಗೆ 60 ಯೂರೋ, 65 ದಾಟಿದ್ರೆ 157. ಅಂದ್ರೆ ನಿಮಗೆ 157, ನಿಮ್ಮನೆಯವರಿಗೆ 60. ಮಾತ್ರೆಗೆ ಮಾತ್ರ ಪೂರ್ತಿ ದುಡ್ಡು ನೀವೇ ಕೊಡಬೇಕು. ಆ ಒಂದು ವರ್ಷ ಇದ್ರಿ ಅನ್ನೋದಕ್ಕೆ ಪಾದ್ರೋನ್, ಅಂದ್ರೆ ಊರಿನ ಮುನ್ಸಿಪಾಲಿಟಿ ನೋಂದಣಿಯನ್ನ ಸಾಕ್ಷಿಯಾಗಿ ನೋಡ್ತಾರೆ, ಅದಕ್ಕೇ ಮನೆ ಸಿಕ್ಕ ವಾರವೇ ಹೋಗಿ ಹೆಸರು ಬರೆಸಿ, ಆರು ತಿಂಗಳು ತಡ ಮಾಡಿದ್ರೆ ಆರು ತಿಂಗಳು ಕಳ್ಕೊಂಡಂಗೆ. ಸೇರೋ ತನಕದ ಆ ಮಧ್ಯದ ಕಾಲ ಇದೆಯಲ್ಲ, ಪೋರ್ಚುಗಲ್ಲಲ್ಲಿ ಪರ್ಮಿಟ್ ಬರೋ ತನಕ, ಫ್ರಾನ್ಸಲ್ಲಿ ಮೂರು ತಿಂಗಳು ಪ್ಲಸ್ ಅರ್ಜಿ ಮಂಜೂರಾಗೋ ತನಕ, ಸ್ಪೇನಲ್ಲಿ ಒಂದು ವರ್ಷ, ಅದಕ್ಕೆ ಅಂತಲೇ ಬೇರೆ ದುಡ್ಡು ತೆಗೆದಿಡಿ, ದಿನದ ಖರ್ಚಿನ ಜೊತೆ ಸೇರಿಸಬೇಡಿ.

ವಯಸ್ಸಿನ ಗೆರೆನೂ ನೋಡ್ಕೊಳ್ಳಿ. ಹೊಸದಾಗಿ ಸೇರೋಕೆ 65, 70, 75 ಅಂತ ಕಂಪನಿಗೊಂದು ಮಿತಿ ಇರುತ್ತೆ, ನಿಮಗಾಗಲೇ 67, ಹಾಗಾಗಿ ಸೇರಿದ ಮೇಲೆ ಎಷ್ಟು ವಯಸ್ಸಿನ ತನಕ ರಿನ್ಯೂ ಮಾಡ್ತಾರೆ ಅನ್ನೋದನ್ನ ಫೋನಲ್ಲಿ ಕೇಳಿ ಬಿಡಬೇಡಿ, ಇಮೇಲಲ್ಲಿ ಬರೆಸ್ಕೊಳ್ಳಿ.

ಇನ್ನೊಂದು, ಈಗಿರೋ ದೇಶದ ಪಾಲಿಸಿಯನ್ನ ಹೊರಡೋ ಉತ್ಸಾಹದಲ್ಲಿ ನಿಲ್ಲಿಸ್ಬೇಡಿ. ಅಮೆರಿಕದ ಮೆಡಿಕೇರ್, ಅಂದ್ರೆ ಮುಖ್ಯವಾಗಿ 65 ದಾಟಿದೋರ ಸರ್ಕಾರಿ ಹೆಲ್ತ್ ಇನ್ಶೂರೆನ್ಸ್, ಹೊರದೇಶದಲ್ಲಿ ಸಾಮಾನ್ಯವಾಗಿ ನಡೆಯಲ್ಲ, ಹಾಗಂತ ಅದರ ಪಾರ್ಟ್ ಬಿ (ಡಾಕ್ಟರ್, ಹೊರರೋಗಿ ಖರ್ಚಿನ ಭಾಗ) ಬಿಟ್ಟು ಹೋದೋರು ವಾಪಸ್ ಬಂದು ಸೇರುವಾಗ, ಬಿಟ್ಟ ಪ್ರತಿ ಪೂರ್ತಿ 12 ತಿಂಗಳಿಗೆ ಪ್ರೀಮಿಯಂ ಮೇಲೆ ಶೇ. 10 ದಂಡ ಬೀಳುತ್ತೆ. ಪ್ರೈವೇಟ್ ಪಾಲಿಸಿ ನಿಲ್ಲಿಸಿ ಮತ್ತೆ ಮಾಡಿಸೋಕೆ ಹೋದ್ರೂ ಆಗಿನ ವಯಸ್ಸು, ಆಗಿನ ಕಾಯಿಲೆ ನೋಡಿನೇ ಕೊಡ್ತಾರೆ.

ಮನೆ ಹುಡುಕೋಕೆ ಮುಂಚೆ, ಟಿಕೆಟ್ ಮಾಡೋಕೆ ಮುಂಚೆ, ಎರಡು ಮೂರು ಕಂಪನಿಗೆ ಸ್ಟೆಂಟ್ ಹಾಕಿದಾಗಿನ ಡಿಸ್ಚಾರ್ಜ್ ಸಮ್ಮರಿ ಕಳಿಸಿ, ಏನು ಕವರ್ ಆಗುತ್ತೆ ಏನು ಆಗಲ್ಲ ಅಂತ ಉತ್ತರ ತರಿಸ್ಕೊಳ್ಳಿ, ಆ ಉತ್ತರ ನೋಡಿ ದೇಶ ಆರಿಸ್ಕೊಳ್ಳಿ. ಹೊರಡೋಕೆ ಮುಂಚೆ ನಿಮ್ಮ ಕಾರ್ಡಿಯಾಲಜಿಸ್ಟ್ ಹತ್ರ ಮಾತ್ರೆ ಚೀಟಿನ ಬ್ರ್ಯಾಂಡ್ ಹೆಸರಲ್ಲಿ ಬೇಡ, ಕ್ಲೊಪಿಡೋಗ್ರೆಲ್, ಅಟೊರ್ವಾಸ್ಟ್ಯಾಟಿನ್ ಅಂತ ಔಷಧದ ಮೂಲ ಹೆಸರಲ್ಲೇ ಬರೆಸ್ಕೊಳ್ಳಿ, ಬ್ರ್ಯಾಂಡ್ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತೆ, ಈ ಹೆಸರು ಇದ್ರೆ ಯಾವ ಊರಿನ ಮೆಡಿಕಲ್ ಶಾಪಲ್ಲೂ ಗೊತ್ತಾಗುತ್ತೆ.