ಅತ್ತೆಗೆ ಅರ್ಥವಾಗದ ಅಳಿಯ ಮತ್ತು ಆಫೀಸಿನ ನಾಲ್ಕಕ್ಷರ

ಮಗಳು ಮೆಚ್ಚಿ ಕರೆತಂದ ಹುಡುಗನ ಸ್ವಭಾವ ತಾಯಿಗೆ ಅರ್ಥವಾಗಲಿಲ್ಲ. ಯಾವ ಮನೆಯಲ್ಲೂ ಇದು ಹೊಸ ಸಂಗತಿಯಲ್ಲ. ಆದರೆ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಗೊಣಗಿ ಸುಮ್ಮನಾಗುವ ಪೈಕಿಯಲ್ಲ. ಮನುಷ್ಯರಲ್ಲಿ ಒಟ್ಟು ಎಷ್ಟು ಬಗೆ ಎಂದು ಪುಸ್ತಕಗಳನ್ನು ಜಾಲಾಡತೊಡಗಿದರು. ತಾಯಿ, ಮಗಳು ಇಬ್ಬರೂ ಕಲ್ಪನೆಯ ಬೆನ್ನುಹತ್ತುವವರು. ಅಳಿಯ ಕ್ಲಾರೆನ್ಸ್ ಮೈಯರ್ಸ್ ಕಣ್ಣಿಗೆ ಕಂಡದ್ದನ್ನು ನಂಬುವ ಆಸಾಮಿ. 1918ರಲ್ಲಿ ಮದುವೆ ಮುಗಿಯಿತು, ಅತ್ತೆಯ ಕುತೂಹಲ ಮುಗಿಯಲಿಲ್ಲ. 1923ರಲ್ಲಿ ಮನೋಬಗೆಗಳನ್ನು ಕುರಿತ ಸ್ವಿಸ್ ಮನೋವೈದ್ಯ ಕಾರ್ಲ್ ಯೂಂಗ್ ಅವರ ಗ್ರಂಥ ಇಂಗ್ಲಿಷಿಗೆ ಬಂದಾಗ, ಕ್ಯಾಥರೀನ್ ತಾವು ಬರೆದಿಟ್ಟಿದ್ದ ಟಿಪ್ಪಣಿಗಳನ್ನೆಲ್ಲ ಬೆಂಕಿಗೆ ಹಾಕಿದರಂತೆ.

ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ "ನಂದು ಐಎನ್‌ಟಿಜೆ, ಅದಕ್ಕೇ ಮೀಟಿಂಗ್ ಅಂದ್ರೆ ಆಗಲ್ಲ" ಎನ್ನುವವರಿಗೆ ಎಂಬಿಟಿಐ ಎಂಬ ವ್ಯಕ್ತಿತ್ವ ಪರೀಕ್ಷೆ ಕೊಟ್ಟ ಆ ನಾಲ್ಕಕ್ಷರದ ಬೇರು ಇರುವುದು ಈ ಮನೆಯಲ್ಲಿ.

ಅಷ್ಟರಲ್ಲಿ ವ್ಯಕ್ತಿತ್ವವನ್ನು ಅಳೆಯುವ ಕೆಲಸ ಬೇರೊಂದು ಕಡೆ ಶುರುವಾಗಿತ್ತು. ಮೊದಲ ಮಹಾಯುದ್ಧದಲ್ಲಿ ಗುಂಡಿನ ಸದ್ದಿಗೇ ಕುಸಿದುಹೋಗಬಹುದಾದ ಸೈನಿಕರನ್ನು ಮೊದಲೇ ಗುರುತಿಸಬೇಕೆಂದು ಕೊಲಂಬಿಯಾ ವಿಶ್ವವಿದ್ಯಾಲಯದ ರಾಬರ್ಟ್ ವುಡ್‌ವರ್ತ್ ಹೌದು-ಅಲ್ಲ ಎಂದು ಉತ್ತರಿಸುವ 116 ಪ್ರಶ್ನೆಗಳ ಪಟ್ಟಿ ಮಾಡಿದರು. ಪಟ್ಟಿ ಸಿದ್ಧವಾಗುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಆದರೆ ಪ್ರಶ್ನೆ ಕೇಳಿ ಅಂಕ ಹಾಕುವ ಆ ಪದ್ಧತಿ ಉಳಿಯಿತು; ಕಾರ್ಖಾನೆ, ಕಂಪನಿಗಳಿಗೂ ಹಬ್ಬಿತು.

ಎರಡನೇ ಮಹಾಯುದ್ಧದಲ್ಲಿ ಗಂಡಸರು ಸೈನ್ಯಕ್ಕೆ ಹೋಗಿ, ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕಾರ್ಖಾನೆಗೆ ಬಂದರು. ಯಾರಿಗೆ ಯಾವ ಕೆಲಸ ಒಗ್ಗುತ್ತದೆ? ಕ್ಯಾಥರೀನರ ಮಗಳು ಇಸಾಬೆಲ್ ಮೈಯರ್ಸ್ ಆ ಪ್ರಶ್ನೆ ಕೈಗೆತ್ತಿಕೊಂಡರು. ಅವರು ಮನಶ್ಶಾಸ್ತ್ರ ಓದಿದವರಲ್ಲ, ಬಹುಮಾನ ಗೆದ್ದ ಪತ್ತೇದಾರಿ ಕಾದಂಬರಿಗಾರ್ತಿ. ಅಂತರ್ಮುಖಿ-ಬಹಿರ್ಮುಖಿ ಎಂಬಂಥ, ಯೂಂಗ್ ಹೇಳಿದ್ದ ಮೂರು ಎದುರುಬದುರು ಗುಣಗಳ ಜೋಡಿಗೆ ತಮ್ಮದೊಂದನ್ನು ಸೇರಿಸಿ, ಜೋಡಿಗೊಂದು ಅಕ್ಷರದಂತೆ ನಾಲ್ಕು ಜೋಡಿಯಿಂದ 16 ಬಗೆಗಳನ್ನು ಕಟ್ಟಿದರು. ಪ್ರಶ್ನಾವಳಿಯ ಮೊದಲ ರೂಪ 1943ರಲ್ಲಿ ಬಂತು. ಅದೇ ಇಂದಿನ ಎಂಬಿಟಿಐ (ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್).

ಇದು ಇಷ್ಟು ಜನಪ್ರಿಯವಾಗಲು ನನಗೆ ಕಾಣುವ ಕಾರಣ ಒಂದೇ: ಇದರಲ್ಲಿ ಯಾರೂ ಫೇಲಾಗುವುದಿಲ್ಲ. ಹದಿನಾರರಲ್ಲಿ ಯಾವ ಬಗೆ ಬಂದರೂ ಅದಕ್ಕೊಂದು ಹೊಗಳಿಕೆ ಇದೆ. ಅಪ್ರೈಸಲ್ ಮೀಟಿಂಗಿನಲ್ಲಿ "ನೀವು ಹೇಳಿದ ಹೊತ್ತಿಗೆ ಕೆಲಸ ಮುಗಿಸುವುದಿಲ್ಲ" ಎಂದು ಕೇಳುವುದಕ್ಕಿಂತ "ನೀವು ಎಲ್ಲ ದಾರಿಗಳನ್ನೂ ತೆರೆದಿಟ್ಟುಕೊಳ್ಳುವವರು" ಎಂದು ಓದುವುದು ಹಿತ.

ತೊಡಕಿರುವುದು ಲೆಕ್ಕದಲ್ಲಿ. ಎತ್ತರದ ಹಾಗೆಯೇ ಸ್ವಭಾವದಲ್ಲೂ ಹೆಚ್ಚಿನವರು ನಡುವೆ ಇರುತ್ತಾರೆ. ತೀರಾ ಅಂತರ್ಮುಖಿಗಳು, ತೀರಾ ಬಹಿರ್ಮುಖಿಗಳು ಕಡಿಮೆ. ಸರಿಯಾಗಿ ಜನ ಕಿಕ್ಕಿರಿದ ಆ ನಡುಜಾಗದಲ್ಲೇ ಗೆರೆ ಎಳೆದರೆ 49 ಅಂಕದವರು ಒಂದು ಪಂಗಡ, 51ರವರು ಇನ್ನೊಂದು. ಆದರೆ 51ರವರಿಗೂ 99ರವರಿಗೂ ಒಂದೇ ಅಕ್ಷರ! ಹಾಗಾಗಿಯೇ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ತೆಗೆದುಕೊಂಡರೆ ಅನೇಕರಿಗೆ ಒಂದಾದರೂ ಅಕ್ಷರ ಬದಲಾಗುತ್ತದೆ. ಅಪ್ಪಟ ಬಹಿರ್ಮುಖಿ, ಅಪ್ಪಟ ಅಂತರ್ಮುಖಿ ಎಂಬುದಿಲ್ಲ, ಇದ್ದರೆ ಹುಚ್ಚಾಸ್ಪತ್ರೆಯಲ್ಲಿರುತ್ತಿದ್ದ ಎಂದು ಯೂಂಗ್ ಅವರೇ ಹೇಳಿದ್ದರು. ಇದನ್ನು ನೇಮಕಾತಿಗೆ ಬಳಸಬೇಡಿ ಎಂದು ಎಂಬಿಟಿಐ ಮಾರುವ ಕಂಪನಿಯೇ ಹೇಳುತ್ತದೆ.

ವ್ಯಕ್ತಿತ್ವ ಅಳೆಯಲು ವಿಶ್ವವಿದ್ಯಾಲಯಗಳು ಹಿಡಿದ ದಾರಿ ನಿಘಂಟಿನದು. ಮನುಷ್ಯರಿಗೆ ಮುಖ್ಯವಾದ ಗುಣಗಳಿಗೆಲ್ಲ ಭಾಷೆಯಲ್ಲಿ ಪದ ಇದ್ದೇ ಇರುತ್ತದೆ ಎಂಬುದು ಅದರ ನಂಬಿಕೆ. (ಜುಗ್ಗ, ಮುಂಗೋಪಿ, ಬಾಯಿಬಡುಕ, ಮೈಗಳ್ಳ... ಕನ್ನಡದಲ್ಲಿ ಒಂದು ಸಂಜೆ ಕೂತು ಪಟ್ಟಿ ಮಾಡಿ ನೋಡಿ, ಬೈಗುಳವೇ ಜಾಸ್ತಿ ಸಿಗುತ್ತದೆ.) 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್ಬರ್ಟ್ ಇಂಗ್ಲಿಷ್ ನಿಘಂಟಿನಿಂದ 17,953 ಪದ ಹೆಕ್ಕಿದರು. ಒಟ್ಟೊಟ್ಟಿಗೆ ಬರುವ ಗುಣಗಳನ್ನು ಗುಂಪು ಮಾಡುತ್ತಾ ಹೋದಾಗ, 1961ರಲ್ಲಿ ಅಮೆರಿಕದ ವಾಯುಪಡೆಯ ಇಬ್ಬರು ಸಂಶೋಧಕರಿಗೆ ಐದೇ ಗುಂಪು ಉಳಿದವು. ಹೊಸತಕ್ಕೆ ಮನಸ್ಸು ತೆರೆದಿರುವುದು, ಅಚ್ಚುಕಟ್ಟುತನ, ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಬೇಗ ಕದಡುವ ಮನಸ್ಸು: ಈಗ ಹೆಚ್ಚು ಬಳಕೆಯಲ್ಲಿರುವ ಐದು ಇವು. ಇಲ್ಲಿ ಪಂಗಡಗಳಿಲ್ಲ, ಪ್ರತಿಯೊಬ್ಬರಲ್ಲೂ ಐದೂ ಇರುತ್ತವೆ. ವ್ಯತ್ಯಾಸ ಪ್ರಮಾಣದ್ದು.

1991ರಲ್ಲಿ ಮರ್ರಿ ಬ್ಯಾರಿಕ್ ಮತ್ತು ಮೈಕೆಲ್ ಮೌಂಟ್ 117 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಪೊಲೀಸರಿರಲಿ, ಮ್ಯಾನೇಜರಿರಲಿ, ಸೇಲ್ಸ್‌ನವರಿರಲಿ, ಎಲ್ಲ ಕೆಲಸದಲ್ಲೂ ನೆರವಿಗೆ ಬಂದ ಗುಣ ಒಂದೇ, ಅಚ್ಚುಕಟ್ಟುತನ. ಆದರೆ ಅದಕ್ಕೂ ಕೆಲಸದ ಗುಣಮಟ್ಟಕ್ಕೂ ಇರುವ ನಂಟಿನ ಅಂಕ ಸುಮಾರು 0.2 ಮಾತ್ರ (1 ಎಂದರೆ ಪೂರ್ತಿ ನಂಟು). ಸಾವಿರಾರು ಜನರ ನಡುವೆ ಅದು ಕಾಣುತ್ತದೆ. ಎದುರು ಕೂತ ಒಬ್ಬ ಅಭ್ಯರ್ಥಿಯ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಸೇಲ್ಸ್‌ಗೆ ಮಾತಿನಮಲ್ಲರೇ ಬೇಕೆಂಬ ನಂಬಿಕೆಯೂ ಅಲುಗಾಡಿದೆ. ಫೋನಿನಲ್ಲಿ ಮಾಲು ಮಾರುವ 340 ಮಂದಿಯನ್ನು ಆಡಮ್ ಗ್ರಾಂಟ್ ಮೂರು ತಿಂಗಳು ಗಮನಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚು ವ್ಯಾಪಾರ ತಂದವರು ನಡುವಿನ ಸ್ವಭಾವದವರು. ಅತಿ ಮಾತುಗಾರರು ಗಿರಾಕಿಯ ಮಾತು ಕೇಳಿಸಿಕೊಳ್ಳುವುದಿಲ್ಲವೇನೋ.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತೇವೆ. 1968ರಲ್ಲಿ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಈ ನಂಬಿಕೆಗೇ ಕೈ ಹಾಕಿದರು: ಪರೀಕ್ಷೆ ತೋರಿಸುವ ಗುಣಕ್ಕೂ ವ್ಯಕ್ತಿಯ ನಿಜವಾದ ನಡವಳಿಕೆಗೂ ಇರುವ ನಂಟು 0.3 ದಾಟುವುದು ಅಪರೂಪ, ಸನ್ನಿವೇಶದ ಪ್ರಭಾವವನ್ನು ನಾವು ಮರೆಯುತ್ತಿದ್ದೇವೆ ಎಂದರು. ವಾದ ದಶಕಗಳ ಕಾಲ ನಡೆಯಿತು. ಮನೆಯಲ್ಲಿ ಸದಾ ಗದ್ದಲ ಎಬ್ಬಿಸುವವರು ಬಾಸ್ ಮುಂದೆ ಮೂಕರಾಗುವುದನ್ನು ಕಂಡವರಿಗೆ ಮಿಶೆಲ್ ಹೇಳಿದ್ದು ಹೊಸದೆನಿಸದು.

ಸನ್ನಿವೇಶವನ್ನೇ ಪರೀಕ್ಷೆಯಾಗಿಸುವ ಪದ್ಧತಿ ನಮ್ಮ ಊರಲ್ಲೇ ಇದೆ. ಬ್ರಿಟಿಷ್ ಸೈನ್ಯ 1942ರಲ್ಲಿ ಅಧಿಕಾರಿಗಳ ಆಯ್ಕೆಗೆ ತಂದ ವ್ಯವಸ್ಥೆ ಮರುವರ್ಷ ಭಾರತಕ್ಕೆ ಬಂತು. ಬೆಂಗಳೂರಿನ ಸೇನಾ ಆಯ್ಕೆ ಕೇಂದ್ರಕ್ಕೆ ಬಂದವರು ಮೊದಲ ದಿನದ ಜರಡಿ ದಾಟಿದರೆ ಒಟ್ಟು ಐದು ದಿನ ಅಲ್ಲೇ ಉಳಿಯಬೇಕು. ಲಿಖಿತ ಪರೀಕ್ಷೆಯೂ ಉಂಟು: 60 ಪದಗಳು ಒಂದೊಂದಾಗಿ ಬರುತ್ತವೆ, ಒಂದೊಂದಕ್ಕೂ 15 ಸೆಕೆಂಡಿನಲ್ಲಿ ಮನಸ್ಸಿಗೆ ಬಂದದ್ದನ್ನು ಬರೆಯಬೇಕು. ಆಮೇಲೆ ಮೈದಾನ. ಗುಂಪಿಗೆ ಹಗ್ಗ, ಹಲಗೆ, ಮರದ ತೊಲೆ ಕೊಟ್ಟು ಅಡೆತಡೆ ದಾಟಿ ಎನ್ನುತ್ತಾರೆ. ನಾಯಕ ಯಾರೆಂದು ಹೇಳುವುದಿಲ್ಲ. ಒಬ್ಬ ಕೂಗಾಡುತ್ತಾನೆ, ಇನ್ನೊಬ್ಬ ಯಾರಿಗೂ ಹೇಳದೆ ಹಲಗೆಯ ಒಂದು ತುದಿ ಹಿಡಿದು ನಿಲ್ಲುತ್ತಾನೆ. ಪಕ್ಕದಲ್ಲಿ ನಿಂತ ಅಧಿಕಾರಿ ಇಬ್ಬರನ್ನೂ ನೋಡುತ್ತಿರುತ್ತಾರೆ.